ಇನ್ನೊಂದು ಮದರ್‌ಬೋರ್ಡ್ ತರಿಸುವ ಮುಂಚೆ ಇರುವುದನ್ನು ಹೊರಗೆ ತೆಗೆದು ನೋಡಿ

ಗುಬ್ಬಿಯಿಂದ ಬರೆದವರೇ, ನಿಮ್ಮ ಪೋಸ್ಟ್ ಓದಿ ಹೊಟ್ಟೆ ಉರಿಯಿತು. ನಿಮ್ಮ ಮೇಲಲ್ಲ, ನನ್ನ ಮೇಲೆ. ಕಂಪ್ಯೂಟರಿನ ಹಳೆ ಕ್ಯಾಬಿನೆಟ್‌ಗೆ ಹೊಸ ಮದರ್‌ಬೋರ್ಡ್ ಕೂರಿಸಿದ್ದೀರಿ. ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ) ಬದಲಾಯಿಸಿದರೂ ಅದೇ ಹಾಡು. ಅಂಗಡಿಯವರು ಬೋರ್ಡ್ ಹೋಗಿದೆ ಅಂದರು, ನಾಳೆ ಇನ್ನೊಂದು ಆರ್ಡರ್ ಮಾಡುತ್ತೀರಿ. ಒಂದು ದಿನ ತಡೆಯಿರಿ.

ನಾನೂ ಇದೇ ದಾರಿ ಹಿಡಿದಿದ್ದೆ. ದೊಡ್ಡ ಅಳತೆಯ ಎಟಿಎಕ್ಸ್ ಬೋರ್ಡ್ ಇದ್ದ ಕ್ಯಾಬಿನೆಟ್‌ಗೆ ಚಿಕ್ಕ ಅಳತೆಯ ಮೈಕ್ರೋ ಎಟಿಎಕ್ಸ್ ಹಾಕಿದ್ದೆ. ತುಮಕೂರಿನಿಂದ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಎಸ್‌ಎಂಪಿಎಸ್ ತಂದೆ. ಆಗಲಿಲ್ಲ. ಮತ್ತೆ ಹೋಗಿ ಬೋರ್ಡ್ ತಂದೆ. ಅದೂ ಅರ್ಧ ಸುತ್ತು ತಿರುಗಿ ಸುಮ್ಮನಾಯಿತು. ಇನ್ನೇನು ಪ್ರೊಸೆಸರ್ ಮೇಲೆ ಅನುಮಾನ ಬರಬೇಕು, ಬೋರ್ಡ್ ಎತ್ತಿ ಕಿಟಕಿ ಬೆಳಕಿಗೆ ಹಿಡಿದೆ. ಹಿಂಬದಿಯಲ್ಲಿ ತೊಗರಿಬೇಳೆಯಷ್ಟಗಲದ ದುಂಡನೆಯ ಗೀರು. ಅದರ ನೇರಕ್ಕೆ ಕ್ಯಾಬಿನೆಟ್‌ನಲ್ಲಿ ಒಂದು ಹಿತ್ತಾಳೆ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಗಿಡ್ಡ ಕಂಬ) ನಿಂತಿತ್ತು. ಹಳೆ ಬೋರ್ಡಿಗೆ ಅಲ್ಲಿ ತೂತಿತ್ತು, ಹೊಸದಕ್ಕೆ ಇರಲಿಲ್ಲ. ಅದು ಬೆಸುಗೆಗೆ ತಾಗಿ ಶಾರ್ಟ್. ಬಿಚ್ಚಲು ಹಿಡಿದದ್ದು ಹತ್ತು ಸೆಕೆಂಡು. ಸತ್ತಿದೆ ಅಂದುಕೊಂಡಿದ್ದ ಮೊದಲ ಬೋರ್ಡ್ ಈಗಲೂ ನಮ್ಮ ಅಕ್ಕನ ಮಗನ ಹತ್ತಿರ ಓಡುತ್ತಿದೆ.

ಆವತ್ತಿನಿಂದ ನನ್ನದು ಒಂದೇ ಪದ್ಧತಿ. ಯಾವ ಬೋರ್ಡ್ ಆಗಲಿ, ಮೊದಲು ಅದರ ರಟ್ಟಿನ ಡಬ್ಬದ ಮೇಲೆ ಓಡಬೇಕು, ಆಮೇಲೆ ಕ್ಯಾಬಿನೆಟ್ ಒಳಗೆ ಹೋಗಬೇಕು. ಡಬ್ಬದ ಮೇಲೆ ಅಂದೆ, ಅದರ ಜೊತೆ ಬರುವ ಆಂಟಿ ಸ್ಟ್ಯಾಟಿಕ್ ಕವರ್ ಮೇಲೆ ಅಲ್ಲ. ಆ ಕವರ್‌ನ ಹೊರಮೈಯಲ್ಲಿ ಕರೆಂಟ್ ಹರಿಯಬಹುದು. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್ ಕಡ್ಡಿ, ಬೋರ್ಡ್‌ಗೆ ಕರೆಂಟ್ ಕೊಡುವ 24 ಪಿನ್ ವೈರ್, ಸಿಪಿಯು (ಅಂದರೆ ಪ್ರೊಸೆಸರ್) ಹತ್ತಿರದ 8 ಪಿನ್ ವೈರ್. ಅಷ್ಟೇ. ಎಸ್‌ಎಸ್‌ಡಿ ಬೇಡ, ಮುಂದಿನ ಯುಎಸ್‌ಬಿ ಬೇಡ, ಬಣ್ಣದ ದೀಪದ ಆರ್‌ಜಿಬಿ ಗೀರ್‌ಜಿಬಿ ಏನೂ ಬೇಡ. ರ‍್ಯಾಮ್ ಸಿಪಿಯು ಕಡೆಯಿಂದ ಎರಡನೇ ಸ್ಲಾಟ್‌ನಲ್ಲಿರಲಿ, ನಾಲ್ಕು ಸ್ಲಾಟ್ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಅದೇ. ಪವರ್ ಸ್ವಿಚ್‌ನ ಎರಡು ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಮ್ಯಾನುಯಲ್ ನೋಡಿಕೊಂಡು ಮುಟ್ಟಿಸಿ, ಅಂದಾಜಿನಲ್ಲಿ ಬೇಡ. ಕೂಲರ್ ಇಲ್ಲದೆ ಆನ್ ಮಾಡಿ ನೋಡುವ ಶೂರರೂ ಈ ಗುಂಪಿನಲ್ಲಿದ್ದಾರೆ. ನೀವು ಆ ಸಾಲಿಗೆ ಸೇರಬೇಡಿ.

ಡಬ್ಬದ ಮೇಲೆ ಓಡಿದರೆ ತಪ್ಪು ಬೋರ್ಡ್‌ನದ್ದಲ್ಲ, ಕ್ಯಾಬಿನೆಟ್‌ನದ್ದು ಅಥವಾ ನೀವು ಬಿಟ್ಟ ಯಾವುದೋ ವೈರ್‌ನದ್ದು. ಒಂದೊಂದೇ ಸೇರಿಸುತ್ತಾ ಬನ್ನಿ. ಓಡದಿದ್ದರೆ ಆಗ ಮಾತ್ರ ಬೋರ್ಡ್ ಮೇಲೆ ಅನುಮಾನ. ಪ್ರತಿ ಸಲ ಪ್ಲಗ್ ಕಿತ್ತು ಒಂದು ನಿಮಿಷ ಬಿಡಿ. ಶಾರ್ಟ್ ಕಂಡು ಮುನಿಸಿಕೊಂಡ ಎಸ್‌ಎಂಪಿಎಸ್ ಅಷ್ಟು ಬೇಗ ಒಪ್ಪುವುದಿಲ್ಲ.

ಎಷ್ಟು ಹೊತ್ತಿಗೆ ಆಫ್ ಆಗುತ್ತದೆ ಅನ್ನುವುದನ್ನೂ ಎಣಿಸಿ. ನಿಮ್ಮ ಹಾಗೆ ಅರ್ಧ ಸೆಕೆಂಡಿಗೇ ನಿಂತರೆ ಹೆಚ್ಚಾಗಿ ಶಾರ್ಟ್. ಸುಮಾರು 4 ಸೆಕೆಂಡು ಓಡಿ ನಿಂತರೆ ಕ್ಯಾಬಿನೆಟ್‌ನ ಬಟನ್ನೇ ಒಳಗೆ ಸಿಕ್ಕಿಕೊಂಡಿರಬಹುದು, ಒತ್ತಿ ಹಿಡಿದರೆ ಆಫ್ ಆಗುವ ಲೆಕ್ಕ ಅದು. ಹಳೆ ಕ್ಯಾಬಿನೆಟ್ ಬೇರೆ, ನಮ್ಮ ಕಡೆಯ ಧೂಳು ಗೊತ್ತಲ್ಲ. ಫ್ಯಾನ್ ಓಡುತ್ತಲೇ ಇದ್ದು ಡಿಸ್‌ಪ್ಲೇ ಮಾತ್ರ ಬರದಿದ್ದರೆ ಕಥೆ ಬೇರೆ. ಮೊದಲು 8 ಪಿನ್ ನೋಡಿ. ಆಮೇಲೆ ಪ್ರೊಸೆಸರ್ ಹೆಸರಿನ ಕೊನೆ ನೋಡಿ: ಇಂಟೆಲ್‌ನಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೋರ್ಡ್‌ನ ಎಚ್‌ಡಿಎಂಐಗೆ ಮಾನಿಟರ್ ಹಾಕಿ ರಾತ್ರಿಯಿಡೀ ಕೂತರೂ ಏನೂ ಬರದು. ಎಎಂಡಿಯ ರೈಜೆನ್ 5600 ಕೂಡ ಹಾಗೇ, 5600ಜಿ ಆದರೆ ಬರುತ್ತದೆ. ಎಎಂಡಿಯ ಎಎಂ5 ಸಾಕೆಟ್ ಬೋರ್ಡ್ ಆದರೆ ಮೊದಲ ಸಲ ಡಿಡಿಆರ್5 ರ‍್ಯಾಮ್ ಹೊಂದಿಸಿಕೊಳ್ಳಲು ಕೆಲವು ನಿಮಿಷ ಬೇಕು. ಕಾಫಿ ಕುಡಿದು ಬನ್ನಿ, ಮಧ್ಯೆ ಆಫ್ ಮಾಡಬೇಡಿ.

ಮೇಲೆ ಯಾರೋ ರ‍್ಯಾಮ್ ತೆಗೆದು ಎರೇಸರ್‌ನಲ್ಲಿ ಉಜ್ಜಿ ಅಂದಿದ್ದಾರೆ. ಹೊಸ ರ‍್ಯಾಮ್‌ಗೆ ಯಾಕ್ರೀ ಎರೇಸರ್? ಎರಡೂ ಕಡೆ ಟಕ್ ಅನ್ನುವ ತನಕ ಒತ್ತಿ, ಅಷ್ಟೇ.

ಎಸ್‌ಎಂಪಿಎಸ್ ಬದಲಾಯಿಸಿದ್ದೀರಲ್ಲ, ಹಳೆಯದರ ವೈರ್‌ಗಳನ್ನೇ ಹೊಸದಕ್ಕೆ ಚುಚ್ಚಿಲ್ಲ ತಾನೇ? ಮಾಡ್ಯುಲರ್ (ವೈರ್ ಬಿಚ್ಚಿ ಹಾಕುವಂಥದ್ದು) ಆದರೆ ಇದು ಅಪಾಯ. ಬೋರ್ಡ್ ಕಡೆಯ ತುದಿ ಎಲ್ಲ ಕಂಪನಿಗೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮವಿಲ್ಲ. ಹಾಗೇ ಗ್ರಾಫಿಕ್ಸ್ ಕಾರ್ಡ್‌ನ 6+2 ಪಿನ್ನನ್ನು ಸಿಪಿಯು ಸಾಕೆಟ್‌ಗೆ ಬಲವಂತವಾಗಿ ತುರುಕಬೇಡಿ, ಅದರಲ್ಲಿ 12 ವೋಲ್ಟ್ ಇರುವ ಸಾಲೇ ಉಲ್ಟಾ. ಹಸಿರು ವೈರ್‌ಗೂ ಕಪ್ಪು ವೈರ್‌ಗೂ ಪೇಪರ್ ಕ್ಲಿಪ್ ಹಾಕಿ ಫ್ಯಾನ್ ತಿರುಗಿತು, ಎಸ್‌ಎಂಪಿಎಸ್ ಚೆನ್ನಾಗಿದೆ ಅನ್ನುವವರಿಗೆ: ಅದು ಬದುಕಿದೆ ಅಂತಷ್ಟೇ ಗೊತ್ತಾಗುತ್ತದೆ, ಭಾರ ಹೊರುತ್ತದೆ ಅಂತಲ್ಲ. ಮೀಟರ್ ಇದ್ದರೆ ಹಳದಿ ವೈರ್‌ನಲ್ಲಿ 11.4ರಿಂದ 12.6 ವೋಲ್ಟ್ ಒಳಗಿರಬೇಕು. ಎಸ್‌ಎಂಪಿಎಸ್‌ನ ಡಬ್ಬ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಜಾಸ್ತಿ ಉಳಿದಿರಬಹುದು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ನಾನು ಮುಟ್ಟುವುದಿಲ್ಲ. ಕೋರ್ಸೇರ್, ಕೂಲರ್ ಮಾಸ್ಟರ್, ಡೀಪ್‌ಕೂಲ್ ಯಾವುದಾದರೂ ಸರಿ, ಬಿಲ್ ಇಟ್ಟುಕೊಳ್ಳಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತಲೂ ಬರೆದಿದ್ದೀರಿ. ಅದಕ್ಕೂ ಫ್ಯಾನ್ ನಿಲ್ಲುವುದಕ್ಕೂ ಸಂಬಂಧ ಕಡಿಮೆ, ಆದರೆ ಬಿಡಬೇಡಿ. ಅರ್ತ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರ್‌ನಿಂದಾಗಿ ಕ್ಯಾಬಿನೆಟ್ ಮೇಲೆ ಸುಮಾರು 115 ವೋಲ್ಟ್ ತೋರಿಸುತ್ತದೆ. ಕರೆಂಟ್ ಸಣ್ಣದು, ಆದರೂ ಟೆಸ್ಟರ್ ಉರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಮನೆಯ ಅರ್ತ್ ಗುಂಡಿ ಬಿರುಕು ಬಿಟ್ಟಿತ್ತು, ಎರಡು ಕೊಡ ನೀರು ಹಾಕಿದ ಮೇಲೆ ಜುಮ್ಮು ನಿಂತಿತು. ನಿಮ್ಮಲ್ಲಿ ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ, ಪ್ಲಗ್ ಪಾಯಿಂಟ್‌ಗೆ ಅರ್ತ್ ವೈರ್ ಬಂದಿದೆಯಾ ಅಂತ ಮೊದಲು ನೋಡಿಸಿ.

ನಾಳೆ ಬೋರ್ಡ್ ಎತ್ತಿದಾಗ ಹಿಂಬದಿಯ ಫೋಟೋ ಹಾಕಿ, ಬೋರ್ಡ್ ಕೂರುವ ಕ್ಯಾಬಿನೆಟ್ ತಟ್ಟೆಯದ್ದೂ ಹಾಕಿ. ಬೆಳಕು ಓರೆಯಾಗಿ ಬೀಳಲಿ. ಫ್ಲ್ಯಾಶ್ ಹಾಕಿದರೆ ಗೀರು ಕಾಣುವುದಿಲ್ಲ.