ತಾತನ ಪೇಟ, ಮೊಮ್ಮಗನ ತಲೆ

ಪ್ರಶ್ನೆ: ತಾತ ತೀರಿಕೊಂಡ ಮೇಲೆ ಅವರ ಟ್ರಂಕು ನನ್ನ ಪಾಲಿಗೆ ಬಂತು. ಅದರಲ್ಲಿ ಕಪ್ಪು ಕ್ಲೋಸ್ ಕಾಲರ್ ಕೋಟು, ಬಿಳಿ ರೇಷ್ಮೆಯ ಜರಿ ಪೇಟ, ಒಂದು ಬೂದು ಬಣ್ಣದ ಫೆಲ್ಟ್ ಹ್ಯಾಟು ಇವೆ. ತಂಗಿಯ ಮದುವೆಗೆ ಇವನ್ನೇ ಹಾಕಿಕೊಳ್ಳಬೇಕೆಂದು ಆಸೆ. ಕೋಟು ಭುಜಕ್ಕೆ ಸರಿಯಾಗಿದೆ, ಹೊಟ್ಟೆಯ ಹತ್ತಿರ ಬಿಗಿ. ಹ್ಯಾಟಿನ ಅಂಚು ಸೊಟ್ಟಗಾಗಿದೆ. ‘ನಾಟಕದ ದಿವಾನರ ಥರ ಕಾಣ್ತೀಯ’ ಅನ್ನುತ್ತಾರೆ ಸ್ನೇಹಿತರು. ಏನು ಮಾಡಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಖಂಡಿತ ಹಾಕಿಕೊಳ್ಳಿ. ನಿಮ್ಮ ಪತ್ರ ಓದಿ ನನಗೆ ತುಂಬಾ ಸಂತೋಷವಾಯಿತು. ನಮ್ಮ ತಂದೆ ಮೈಸೂರಿನಲ್ಲಿ ಟೈಲರ್ ಆಗಿದ್ದರು. ಇಂಥ ಕೋಟುಗಳ ಗುಂಡಿ ಹೊಲಿಯುತ್ತಲೇ ನಾನು ಕೆಲಸ ಕಲಿತೆ.

ಭುಜ ಸರಿಯಿದೆ ಅಂದಿರಲ್ಲ, ಅದೇ ದೊಡ್ಡ ವಿಷಯ. ಹಳೇ ಕೋಟಿನಲ್ಲಿ ಭುಜ ಒಂದನ್ನು ತಿದ್ದುವುದು ಬಹಳ ಕಷ್ಟ. ಹೊಟ್ಟೆಯ ಬಿಗಿ ಸಡಿಲಿಸಬಹುದು. ಆಗಿನ ಟೈಲರುಗಳು ಪಕ್ಕದ ಹೊಲಿಗೆಯಲ್ಲಿ ಧಾರಾಳವಾಗಿ ಬಟ್ಟೆ ಬಿಡುತ್ತಿದ್ದರು. ಮಗ, ಮೊಮ್ಮಗ ಹಾಕಿಕೊಳ್ಳಲಿ ಅಂತಲೇ ಬಿಡುತ್ತಿದ್ದದ್ದು. ಲೈನಿಂಗ್ ಸ್ವಲ್ಪ ಬಿಚ್ಚಿಸಿ ಒಳಗೆ ಎಷ್ಟಿದೆ ನೋಡಿ. ಒಂದು ಎಚ್ಚರಿಕೆ: ಒಳಗಿನ ಬಟ್ಟೆ ಬಿಸಿಲು ಕಂಡಿರುವುದಿಲ್ಲ, ಹೊರಗಿನದಕ್ಕಿಂತ ಕಪ್ಪಾಗಿರಬಹುದು. ಬಣ್ಣದಲ್ಲಿ ಜಾಸ್ತಿ ವ್ಯತ್ಯಾಸವಿದ್ದರೆ ಬಿಡಿಸಲು ಹೋಗಬೇಡಿ. ಮನೆಯಲ್ಲಿ ಒಗೆಯಬೇಡಿ. ಎರಡು ದಿನ ನೆರಳಿನಲ್ಲಿ ಗಾಳಿಗೆ ತೂಗುಹಾಕಿ, ಇಸ್ತ್ರಿ ಮಾಡುವಾಗ ಮೇಲೊಂದು ಒದ್ದೆ ಬಟ್ಟೆ ಹಾಸಿ.

ಪೇಟದ ವಿಷಯದಲ್ಲಿ ನನಗೊಂದು ನೋವಿದೆ. ತಂದೆಯ ಪೇಟವನ್ನು ಜೋಪಾನ ಮಾಡಬೇಕೆಂದು ಮಡಿಕೆಯ ಒಳಗೇ ನುಸಿಗುಳಿಗೆ ಇಟ್ಟುಬಿಟ್ಟೆ. ಕೆಲವು ವರ್ಷ ಬಿಟ್ಟು ತೆಗೆದಾಗ ಜರಿ ಕಪ್ಪಾಗಿತ್ತು, ಮಡಿಕೆಯ ಗೆರೆಯುದ್ದಕ್ಕೂ ರೇಷ್ಮೆ ಬಿರುಕು ಬಿಟ್ಟಿತ್ತು. ಅದು ಮತ್ತೆ ಸರಿಹೋಗಲಿಲ್ಲ. ನೀವು ಹಾಗೆ ಮಾಡಬೇಡಿ. ಮೆತ್ತನೆಯ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆಯ ಜಾಗ ಬದಲಿಸಿ.

ಪೇಟ ಕಟ್ಟುವುದನ್ನು ಈಗಿನಿಂದಲೇ ಕಲಿಯಿರಿ. ತಂದೆ ಮೊಣಕಾಲಿನ ಮೇಲೆ ಸುತ್ತಿ, ಆಮೇಲೆ ತಲೆಗಿಟ್ಟು ಸರಿಮಾಡಿಕೊಳ್ಳುತ್ತಿದ್ದರು. ಜರಿಯ ಬಟ್ಟೆಯಲ್ಲಿ ಅಭ್ಯಾಸ ಬೇಡ, ಸುಮ್ನೆ ಒಂದು ಹಳೇ ಪಂಚೆಯಲ್ಲಿ ಹತ್ತು ಸಲ ಸುತ್ತಿ ನೋಡಿ. ಹಣೆ ಕಾಣಬೇಕು, ಕಿವಿಯ ಮೇಲೆ ಕೂರಬಾರದು. ಸನ್ಮಾನಕ್ಕೆ ಕೊಡುವ ಸಿದ್ಧ ಪೇಟ ಯಾರ ತಲೆಗೂ ಸರಿಯಾಗಿ ಕೂರುವುದಿಲ್ಲ. ವೇಷದ ಹಾಗೆ ಕಾಣುವುದು ಅದಕ್ಕೇ. ನಿಮ್ಮ ತಲೆಗೆಂದೇ ಸುತ್ತಿದ ಪೇಟ ಹಾಗೆ ಕಾಣುವುದಿಲ್ಲ.

ಸ್ನೇಹಿತರು ದಿವಾನರ ಮಾತೆತ್ತಿದ್ದಾರೆ, ಒಳ್ಳೆಯದೇ ಆಯಿತು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಫೋಟೋ ಒಮ್ಮೆ ಗಮನವಿಟ್ಟು ನೋಡಿ. ಕೆಳಗೆ ಸೂಟು, ಟೈ. ಮೇಲೆ ಪೇಟ. ಎರಡು ಊರಿನ ಉಡುಪು ಒಬ್ಬರ ಮೈಮೇಲೆ ಎಷ್ಟು ಸಲೀಸಾಗಿ ಕೂತಿದೆ, ಅಲ್ವಾ? ಎಲ್ಲ ಅಳತೆಗೆ ಸರಿಯಾಗಿದೆ, ಸುಕ್ಕಿಲ್ಲ, ದಿನವೂ ಹಾಕಿಕೊಂಡು ಅಭ್ಯಾಸವಾಗಿದೆ. ನೀವೂ ಮದುವೆಗೆ ಮುಂಚೆ ಕೋಟು ಹಾಕಿಕೊಂಡು ನಾಲ್ಕು ಸಲ ಹೊರಗೆ ಓಡಾಡಿ. ಕಚ್ಚೆ ಪಂಚೆ ಉಡುವುದಾದರೆ ಅದನ್ನೂ ಉಟ್ಟು ಮೆಟ್ಟಿಲು ಹತ್ತಿ ಇಳಿದು ನೋಡಿ. ಜರಿ ಹಬ್ಬಕ್ಕಾಯಿತು. ಬೇರೆ ದಿನಕ್ಕೆ ಬಿಳಿ ಹತ್ತಿ ರುಮಾಲು ಸಾಕು. 1918ರಿಂದ ಮೂರು ವರ್ಷ ಮೈಸೂರಿನಲ್ಲಿ ಪಾಠ ಹೇಳಿದ ರಾಧಾಕೃಷ್ಣನ್ ಅವರನ್ನು ನೆನೆದರೆ ಕಣ್ಣಿಗೆ ಬರುವುದು ಆ ಬಿಳಿ ರುಮಾಲು, ಉದ್ದ ಕೋಟು.

ಹ್ಯಾಟು ಮಾತ್ರ ಮದುವೆಗೆ ಬೇಡ. ಅದಕ್ಕೆ ಬೇರೆ ರೀತಿಯ ಮರ್ಯಾದೆ. ಹ್ಯಾಟು ಹಾಕುವವರ ಪದ್ಧತಿಯಲ್ಲಿ ಮನೆಯೊಳಗೆ ಬಂದ ಕೂಡಲೇ ಅದನ್ನು ತೆಗೆಯಬೇಕು. ನಮ್ಮಲ್ಲಿ ಚಪ್ಪಲಿ ಹೊರಗೆ ಬಿಡುತ್ತೇವೆ, ಪೇಟ ತಲೆಯ ಮೇಲೇ ಇರುತ್ತದೆ. ಸೊಟ್ಟಗಾದ ಅಂಚಿಗೆ ಔಷಧಿ ಹಬೆ. ಕುದಿಯುವ ಪಾತ್ರೆಯಿಂದ ಒಂದು ಗೇಣು ಮೇಲೆ ಹಿಡಿದು, ಫೆಲ್ಟ್ ಮೆತ್ತಗಾದಾಗ ಬೆರಳಿನಿಂದ ತಿದ್ದಿ, ಆರುವವರೆಗೆ ಮುಟ್ಟದೆ ಬಿಡಿ. ಒಳಗಿನ ಚರ್ಮದ ಪಟ್ಟಿಗೆ ಹಬೆ ತಾಗಿಸಬೇಡಿ, ಅದು ಮುದುರಿಕೊಳ್ಳುತ್ತದೆ. ಇಡುವಾಗ ಬೋರಲು ಇಡಬೇಡಿ, ಅಂಚು ಮೇಲೆ ಬರುವಂತೆ ಮಗುಚಿ ಇಡಿ.

ಪ್ರಶ್ನೆ: ದಿನವೂ ಹಾಕಿಕೊಳ್ಳಲು ಹಳೇ ಕಾಲದ ಥರದ ಹ್ಯಾಟು ಕೊಳ್ಳಬೇಕು. ಅಳತೆ ಹೇಗೆ? ನಮ್ಮೂರ ಬಿಸಿಲಿಗೆ ಯಾವುದು ಸರಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹಣೆಯ ನಡುವೆ, ಕಿವಿಗಿಂತ ಸ್ವಲ್ಪ ಮೇಲೆ ಟೇಪು ಸುತ್ತಿ ಸೆಂಟಿಮೀಟರಿನಲ್ಲಿ ಅಳೆಯಿರಿ. 58 ಬಂದರೆ ಅಮೆರಿಕದ ಹ್ಯಾಟಿನಲ್ಲಿ ಅದು ಏಳೂಕಾಲು. ಎರಡು ಸೈಜಿನ ನಡುವೆ ಬಂದರೆ ದೊಡ್ಡದನ್ನೇ ಕೊಳ್ಳಿ. ಚರ್ಮದ ಪಟ್ಟಿಯ ಹಿಂದೆ ಕಾಗದ ಮಡಿಸಿಟ್ಟರೆ ಸರಿಯಾಗುತ್ತದೆ. ಚಿಕ್ಕದಾದರೆ ತಲೆನೋವು.

ಬಿಸಿಲಿಗೆ ಫೆಲ್ಟ್ ಬೇಡ, ಹುಲ್ಲಿನ ಪನಾಮ ಹ್ಯಾಟು ಒಳ್ಳೆಯದು. ಹೆಸರು ಪನಾಮ ಆದರೂ ಅದು ಈಕ್ವೆಡಾರ್‌ನದು. ಅಲ್ಲಿನ ಟೊಕಿಯಾ ಎಂಬ ಗಿಡದ ಎಳೆ ಎಲೆಯನ್ನು ಸೀಳಿ ಕೈಯಲ್ಲೇ ನೇಯುತ್ತಾರೆ. ಸೂಕ್ಷ್ಮ ನೇಯ್ಗೆಯ ಹ್ಯಾಟು ಮಾಡಲು ತಿಂಗಳುಗಟ್ಟಲೆ ಹಿಡಿಯುತ್ತದೆ. ನೆತ್ತಿಯನ್ನು ಚಿವುಟಿ ಹಿಡಿದು ತೆಗೆಯುವ ಅಭ್ಯಾಸ ಮಾಡಿಕೊಳ್ಳಬೇಡಿ, ಒಣಗಿದ ಹುಲ್ಲು ಮೊದಲು ಮುರಿಯುವುದು ಅಲ್ಲೇ. ಎರಡು ಕೈಯಲ್ಲಿ ಅಂಚು ಹಿಡಿದು ತೆಗೆಯಿರಿ.