ಪ್ರತಿಕ್ರಿಯೆ: ಲಿಂಗನಮಕ್ಕಿ ಹಿನ್ನೀರನ್ನು ವರ್ಷವಿಡೀ ಒಂದೇ ಮಟ್ಟದಲ್ಲಿ ಇಡಬಾರದಾ?

ಬೇಸಿಗೆಯಲ್ಲಿ ನಿಮ್ಮ ದೋಣಿಕಟ್ಟೆ ಕೆಸರಲ್ಲಿ ನಿಲ್ಲುವುದಕ್ಕೆ ಕಾರಣ ಕರೆಂಟು. ಮಳೆಗಾಲದಲ್ಲಿ ಕೂಡಿಟ್ಟ ನೀರೇ ತಲಕಳಲೆ ಜಲಾಶಯದ ಮೂಲಕ ಶರಾವತಿ ಟರ್ಬೈನ್‌ಗಳಿಗೆ ಹೋಗುತ್ತದೆ. ಮಟ್ಟ ಒಂದೇ ಸಮ ಇಡಿ ಅಂತ ಅರ್ಜಿ ಹಾಕಬಹುದು; ದಂಡೆಯ ಹುಲ್ಲಿಗೆ, ಮೀನುಮರಿಗೆ ಅದು ಒಳ್ಳೆಯದೇ. ಆದರೆ ಗರಿಷ್ಠ ಮಟ್ಟವಾದ 1819 ಅಡಿಗೆ ತುಂಬಿಸಿಯೇ ಇಟ್ಟರೆ ಜುಲೈ ಮಳೆಗೆ ಜಾಗ ಎಲ್ಲಿ? ಬಂದಿದ್ದೆಲ್ಲ ಸುಮ್ನೆ ಜೋಗದ ಕಡೆ ಹೋಗುತ್ತದೆ. (ಪ್ರವಾಸಿಗರಿಗೆ ಖುಷಿ, ಬಿಡಿ.) ಕೆಳಗೇ ಇಟ್ಟರೆ ಬೇಸಿಗೆಗೆ ನೀರಿಲ್ಲ.

ಹಾಗಾಗಿ ಕಟ್ಟೆಯನ್ನೇ ಬದಲಿಸಿ. ಮೊದಲು ಮೇ ಕೊನೆಯಲ್ಲಿ ನೀರಿನ ಅಂಚಿಗೆ ಗೂಟ ನೆಡಿ, ನೀರು ಎಲ್ಲಿಯವರೆಗೆ ಇಳಿಯುತ್ತದೆ ಅಂತ ಗೊತ್ತಾಗುತ್ತದೆ. ಹಿನ್ನೀರಲ್ಲಿ ಮುಳುಗಿರುವ ಮಡೆನೂರಿನ ಹಳೇ ಅಣೆಕಟ್ಟು ಪೂರ್ತಿ ಕಾಣುವಷ್ಟು ನೀರಿಳಿದ ವರ್ಷವಾದರೆ ಇನ್ನೂ ಒಳ್ಳೆಯದು. ಆಮೇಲೆ ಡ್ರಮ್ ಮೇಲೆ ತೇಲುವ ಕಟ್ಟೆ ಮಾಡಿ, ಹಗ್ಗ ಉದ್ದ ಬಿಡಿ. ಕಾಂಕ್ರೀಟ್ ಬೇಡ, ನಾನು ಕೈಸುಟ್ಟುಕೊಂಡವನು. ದಂಡೆ ತೀರಾ ಚಪ್ಪಟೆಯಾಗಿದ್ದರೆ ಇದೂ ಸಾಲದೇ ಇರಬಹುದು. ಗೂಟ ನೋಡಿಯೇ ದುಡ್ಡು ಹಾಕಿ.