ಕೂಟ ಚಾವಡಿಯಲ್ಲಿ, ಮನೆಯಾಕೆ ಬಾಗಿಲ ಹಿಂದೆ

ಚರ್ಚಿನವರು ಪ್ರಾರ್ಥನೆಗೆ ಸೇರುವ ಮನೆಕೂಟ ನಡೆಯುವ ಮನೆಗಳ ಹೆಂಗಸರು ಆಪ್ತಸಲಹೆಗೆ ಬಂದಾಗ ಆಡುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ. “ದೇವರ ಕೆಲಸದಲ್ಲಿ ಗೊಣಗಬಾರದು ಅಂತ ಗೊತ್ತುಂಟು. ಆದ್ರೂ ಗೊಣಗ್ತೇನೆ. ಇದು ಪಾಪ ಅಲ್ವಾ?” ಬೆನ್ನುನೋವು, ನಿದ್ದೆ ಬಾರದಿರುವುದು, ಮಕ್ಕಳ ಮೇಲೆ ರೇಗುವುದು ಎಲ್ಲ ಆಮೇಲೆ ಹೊರಬರುತ್ತವೆ. “ಅಲ್ಲ ಬಿಡಿ” ಎಂದು ಸಮಾಧಾನ ಹೇಳಿ ಕಳಿಸುವುದು ಸುಲಭ, “ಹೌದು, ಪ್ರಾರ್ಥನೆ ಮಾಡಿ” ಎನ್ನುವುದು ಇನ್ನೂ ಸುಲಭ. ಎರಡರಿಂದಲೂ ಮುಂದಿನ ತಿಂಗಳ ಕೂಟದ ದಿನ ಏನೂ ಬದಲಾಗುವುದಿಲ್ಲ. ಇಂಥ ಹಲವು ಪ್ರಕರಣಗಳಲ್ಲಿ ಒಂದನ್ನು, ಗುರುತು ಸಿಗದಂತೆ ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಸುಗುಣಮ್ಮ (ಹೆಸರು ನಿಜವಲ್ಲ) ಮಂಜೇಶ್ವರ ತಾಲೂಕಿನವರು, ಐವತ್ತರ ಆಸುಪಾಸು. ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಮನೆತನ. ಗಂಡ ಸಭೆಯ (ಚರ್ಚಿನ) ಹಿರಿಯರಲ್ಲೊಬ್ಬರು. ಮನೆಗೆ ದೊಡ್ಡ ಚಾವಡಿ, ಅಂಗಳದವರೆಗೆ ವಾಹನ ಬರುವ ದಾರಿ. ಇವೆರಡೂ ಇದ್ದುದರಿಂದ ತಿಂಗಳ ಪ್ರಾರ್ಥನಾಕೂಟ ಒಂಬತ್ತು ವರ್ಷಗಳಿಂದ ಅಲ್ಲೇ ನಡೆಯುತ್ತಿತ್ತು. ಬರುವವರು ಸುಮಾರು ಮೂವತ್ತೈದು ಮಂದಿ. ಹೊರಗಿನಿಂದ ಬರುವ ಬೋಧಕರು ಉಳಿದುಕೊಳ್ಳುವುದೂ ಅಲ್ಲೇ.

ಮೊದಲೆರಡು ಭೇಟಿಗಳಲ್ಲಿ ಕೇಳಬೇಕಾದ್ದನ್ನು ಕೇಳಿದ್ದಾಯಿತು. ಮನೆಯಲ್ಲಿ ಹೊಡೆತ, ಬೆದರಿಕೆ ಇದೆಯೇ? ಇಲ್ಲ. ಎರಡು ವಾರಕ್ಕೂ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲದೆ, ಬದುಕೇ ಬೇಡವೆನಿಸಿದ್ದುಂಟೇ? ಇಲ್ಲ, ಕೂಟದ ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಮಾತ್ರ ಹೀಗೆ. ಈ ಉತ್ತರ ಬೇರೆಯಾಗಿದ್ದರೆ ದಾರಿಯೂ ಬೇರೆಯಾಗುತ್ತಿತ್ತು. ಓದುವವರಲ್ಲಿ ಯಾರಿಗಾದರೂ ಆ ಸ್ಥಿತಿ ಇದ್ದರೆ ಮನೋವೈದ್ಯರನ್ನು ಕಾಣಿ, ಅಥವಾ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಎರಡನೆಯ ಭೇಟಿಯ ಕೊನೆಗೆ ಒಂದು ಕೆಲಸ ಕೊಟ್ಟೆ. ಕಳೆದ ಕೂಟದ ದಿನ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ, ಗಂಟೆಯ ಸಮೇತ ಬರೆದು ತನ್ನಿ. ಭಾವನೆ ಬರೆಯಬೇಡಿ, ಕೆಲಸ ಬರೆಯಿರಿ. ಅವರು ಗೋಡೆ ಕ್ಯಾಲೆಂಡರಿನ ಹಳೆಯ ಹಾಳೆಯೊಂದರ ಹಿಂಬದಿಯಲ್ಲಿ ಬರೆದು, ನಾಲ್ಕಾಗಿ ಮಡಚಿ ತಂದರು. ಒಂದು ಮೂಲೆಯಲ್ಲಿ ತೆಂಗಿನೆಣ್ಣೆಯ ಕಲೆ.

ಬೆಳಗ್ಗೆ ಐದಕ್ಕೆ ಮೂರು ಕೆ.ಜಿ. ಬೆಳ್ತಿಗೆ ಅಕ್ಕಿ ನೆನೆಹಾಕಿದ್ದು. ಆರರಿಂದ ಚಾವಡಿ, ಅಂಗಳ, ಶೌಚಾಲಯ ತೊಳೆದದ್ದು. ಹತ್ತಕ್ಕೆ ಅಕ್ಕಿ ರುಬ್ಬಿದ್ದು. ಹನ್ನೊಂದಕ್ಕೆ ಆರು ತೆಂಗಿನಕಾಯಿ ಒಡೆದು ತುರಿದದ್ದು. ಒಂದಕ್ಕೆ ಆರು ಕೆ.ಜಿ. ಕೋಳಿ ತೊಳೆದದ್ದು. ಮೂರಕ್ಕೆ ಮಸಾಲೆ ಹುರಿದು ರುಬ್ಬಿ ಕೋಳಿ ಗಸಿ (ಗಟ್ಟಿ ಸಾರು) ಒಲೆಗೆ. ಐದೂವರೆಗೆ ನೀರುದೋಸೆ ಆರಂಭ. ಆರೂವರೆಗೆ ಕೂಟ ಆರಂಭ. ಎಂಟಕ್ಕೆ ಕೂಟ ಮುಗಿದದ್ದು. ಎಂಟೂವರೆಗೆ ದೋಸೆ ಮುಗಿದದ್ದು. ಗಂಡಸರ ಪಂಕ್ತಿ, ಆಮೇಲೆ ಹೆಂಗಸರು, ಮಕ್ಕಳು. “10.20 – ನನ್ನ ಊಟ.” “11.30 – ಪಾತ್ರೆ ಆಯಿತು.”

ಮೂರನೆಯ ಭೇಟಿಯ ಮುಕ್ಕಾಲು ಪಾಲು ಆ ಹಾಳೆಯಲ್ಲೇ ಕಳೆಯಿತು. ಒಬ್ಬರಿಗೆ ನಾಲ್ಕರಂತೆ ಮೂವತ್ತೈದು ಮಂದಿಗೆ 140 ದೋಸೆ. ಒಂದು ಕಾವಲಿಯಲ್ಲಿ ಒಂದು ದೋಸೆಗೆ ಒಂದೂಕಾಲು ನಿಮಿಷ ಹಿಡಿದರೂ ಮೂರು ಗಂಟೆಗೆ ಐದೇ ನಿಮಿಷ ಕಡಿಮೆ. ಇನ್ನೊಂದು ಒಲೆ ಗಸಿಗೆ ಬೇಕು, ಹಾಗಾಗಿ ಎರಡನೆಯ ಕಾವಲಿ ಇಡುವ ಹಾಗಿಲ್ಲ. ಮಧ್ಯಾಹ್ನವೇ ಹೊಯ್ದಿಟ್ಟರೆ ನೀರುದೋಸೆ ಒಂದಕ್ಕೊಂದು ಅಂಟುತ್ತದೆ, ಅಂಚು ಒಣಗುತ್ತದೆ. ಹೀಗಿರುವಾಗ ಒಂದೂವರೆ ಗಂಟೆಯ ಕೂಟ ದೋಸೆಯ ಮೂರು ಗಂಟೆಯ ಒಳಗೇ ಬೀಳಬೇಕು. ರಾತ್ರಿಯೂಟಕ್ಕೆ ನೀರುದೋಸೆ ಎಂದು ನಿಶ್ಚಯಿಸಿದ ಗಳಿಗೆಯಲ್ಲೇ ಮನೆಯಾಕೆ ಪ್ರಾರ್ಥನೆಗೆ ಕೂರುವುದಿಲ್ಲ ಎಂದೂ ನಿಶ್ಚಯವಾಗಿಬಿಟ್ಟಿರುತ್ತದೆ. ಒಂಬತ್ತು ವರ್ಷ ಯಾರೂ ಈ ಲೆಕ್ಕ ಹಾಕಿರಲಿಲ್ಲ, ಅವರೂ ಹಾಕಿರಲಿಲ್ಲ.

ಹಾಳೆಯ ಕಡೆ ನೋಡುತ್ತಲೇ ಅವರು ಹೇಳಿದರು: “ಕುಕ್ಕರ್ ಸೀಟಿ, ಪಾತ್ರೆ ಸದ್ದು ಪ್ರಾರ್ಥನೆಗೆ ತೊಂದರೆ ಅಂತ ನಾನು ಬಾಗಿಲು ಹಾಕಿಕೊಳ್ಳೋದು. ಹೋದ ತಿಂಗಳು ಬಂದವರು ಮಾರ್ಥ, ಮರಿಯಳ ಮೇಲೆ ಪ್ರಸಂಗ ಮಾಡಿದ್ರು. ಬಾಗಿಲ ಸಂದಿಯಿಂದ ಒಂದೇ ಮಾತು ಕೇಳಿತು ಅಕ್ಕ, ‘ಮಾರ್ಥಳ ಹಾಗೆ ಆಗಬೇಡಿ’ ಅಂತ. ಕೈಯಲ್ಲಿ ಸೌಟು ಇತ್ತು.”

ಈ ಮಾತಿಗೆ ಕೂಡಲೇ ಉತ್ತರ ಕೊಡಬಾರದು. ಸುಮಾರು ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಸತ್ಯವೇದ (ಬೈಬಲ್) ತೆರೆದು ಆ ಭಾಗವನ್ನು ಅವರೇ ಗಟ್ಟಿಯಾಗಿ ಓದಲಿ ಎಂದು ಕೇಳಿಕೊಂಡೆ. ಲೂಕನ ಸುವಾರ್ತೆ 10ನೆಯ ಅಧ್ಯಾಯ, 38ರಿಂದ 42. ಮಾರ್ಥಳು ಉಪಚಾರದಲ್ಲಿ ಮುಳುಗಿದ್ದಾಗ ಅವಳ ಸಹೋದರಿ ಮರಿಯಳು ಯೇಸುವಿನ ಪಾದದ ಬಳಿ ಕೂತು ಮಾತು ಕೇಳುತ್ತಾಳೆ, ಮಾರ್ಥಳು ದೂರಿದಾಗ ಯೇಸು, ಮರಿಯಳು ಒಳ್ಳೆಯ ಭಾಗವನ್ನೇ ಆರಿಸಿಕೊಂಡಿದ್ದಾಳೆ ಎನ್ನುತ್ತಾನೆ. ಪ್ರಸಂಗಗಳಲ್ಲಿ ಬಿಟ್ಟುಹೋಗುವ ಒಂದು ಸಂಗತಿ ಮೊದಲ ವಚನದಲ್ಲೇ ಇದೆ: ಯೇಸುವನ್ನು ಮನೆಗೆ ಬರಮಾಡಿಕೊಂಡವಳು ಮಾರ್ಥಳು. ಆಕೆ ದೂರಿಕೊಂಡದ್ದೂ ಕೆಲಸದ ಬಗ್ಗೆ ಅಲ್ಲ, ಒಬ್ಬಳನ್ನೇ ಕೆಲಸಕ್ಕೆ ಬಿಟ್ಟದ್ದರ ಬಗ್ಗೆ. ಅಲ್ಲಿಂದ ಯೋಹಾನ 11ಕ್ಕೆ ಹೋದೆವು. ತಮ್ಮ ಲಾಜರನು ಸತ್ತ ದುಃಖದಲ್ಲೂ ಊರ ಹೊರಗೆ ಬಂದು ಯೇಸುವನ್ನು ಎದುರುಗೊಂಡವಳು ಮಾರ್ಥಳೇ. 27ನೆಯ ವಚನದಲ್ಲಿ “ನೀನು ಕ್ರಿಸ್ತನು, ದೇವಕುಮಾರನು” ಎಂದು ಒಪ್ಪಿಕೊಳ್ಳುವವಳೂ ಅವಳೇ. ಯೇಸುವಿನ ಶಿಷ್ಯ ಪೇತ್ರನು ಇದೇ ಅರಿಕೆ ಮಾಡಿದ್ದನ್ನು ಸಭೆ ತನ್ನ ಬುನಾದಿ ಎಂದು ಎಣಿಸುತ್ತದೆ. ಮಾರ್ಥಳ ಅರಿಕೆ ಯಾರಿಗೂ ಬಾಯಿಪಾಠವಿಲ್ಲ. ಮುಂದಿನ ಅಧ್ಯಾಯದಲ್ಲಿ, ಬೇಥಾನ್ಯದ ಔತಣದಲ್ಲಿ, ಮಾರ್ಥಳು ಮತ್ತೆ ಉಪಚಾರ ಮಾಡುತ್ತಿದ್ದಾಳೆ. ಈ ಸಲ ಅವಳಿಗೆ ಯಾರೂ ಬುದ್ಧಿ ಹೇಳುವುದಿಲ್ಲ.

ಸುಗುಣಮ್ಮ 27ನೆಯ ವಚನವನ್ನು ಎರಡು ಸಲ ಓದಿದರು. “ಇದು ಮಾರ್ಥಳು ಹೇಳಿದ್ದಾ?” ಎಂದರು. ಹುಟ್ಟಿನಿಂದ ಸಭೆಗೆ ಹೋಗುತ್ತಿರುವ ಹೆಂಗಸು ಐವತ್ತನೆಯ ವಯಸ್ಸಿಗೆ ಕೇಳುವ ಪ್ರಶ್ನೆ ಇದು. ಈ ಪ್ರಕರಣ ನನ್ನನ್ನು ಕಾಡುತ್ತಿರುವುದು ಈ ಒಂದು ಪ್ರಶ್ನೆಗಾಗಿ.

ಗೊಣಗುವುದು ಪಾಪವೇ ಎಂಬುದಕ್ಕೆ ಬರುತ್ತೇನೆ. ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದ ವಚನ ಪೇತ್ರನ ಮೊದಲ ಪತ್ರಿಕೆ 4:9: ಗೊಣಗದೆ ಒಬ್ಬರಿಗೊಬ್ಬರು ಅತಿಥಿಸತ್ಕಾರ ಮಾಡಿರಿ. ‘ಗೊಣಗದೆ’ ಎಂಬುದನ್ನು ನಮ್ಮ ಹೆಂಗಸರು ಎದೆಗೆ ಚುಚ್ಚಿಕೊಂಡಿದ್ದಾರೆ, ‘ಒಬ್ಬರಿಗೊಬ್ಬರು’ ಎಂಬುದು ಯಾರ ಕಣ್ಣಿಗೂ ಬಿದ್ದಿಲ್ಲ. ಒಂಬತ್ತು ವರ್ಷ ಒಂದೇ ಮನೆ ಬಡಿಸಿ, ಉಳಿದವರು ಉಂಡು ಹೋದರೆ ಆ ವಚನದ ಅರ್ಧ ಮಾತ್ರ ನಡೆದ ಹಾಗೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠಕ್ಕೆ ಬರೆದ ನಿಯಮಾವಳಿಯ 53ನೆಯ ಅಧ್ಯಾಯ, ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕು ಎಂದು ಶುರುವಾಗುತ್ತದೆ. ಅದೇ ಅಧ್ಯಾಯದಲ್ಲಿ ಅತಿಥಿಗಳ ಅಡುಗೆಮನೆಗೆ ಇಬ್ಬರನ್ನು ವರ್ಷದ ಮಟ್ಟಿಗೆ ನೇಮಿಸಬೇಕು, ಬೇಕಾದಾಗ ಹೆಚ್ಚಿನ ಸಹಾಯಕರನ್ನು ಕೊಡಬೇಕು ಎಂದಿದೆ. ಕಾರಣವನ್ನೂ ಬರೆದಿದ್ದಾರೆ: ಅವರು ಗೊಣಗದೆ ಸೇವೆ ಮಾಡುವಂತಾಗಲಿ ಎಂದು. ಗೊಣಗಾಟ ಕೇಳಿದರೆ ಅಡುಗೆಯವನ ಭಕ್ತಿಯನ್ನು ಅಳೆಯುವ ಮೊದಲು ಅಡುಗೆಮನೆಯ ಕೈಗಳನ್ನು ಎಣಿಸಬೇಕು. ನಾನು ಸಲಹೆ ಕೊಟ್ಟದ್ದು ಈ ನಂಬಿಕೆಯ ಮೇಲೆ.

ಕೊಟ್ಟ ಸಲಹೆ ಹೀಗಿತ್ತು. ಕೂಟ ನಿಲ್ಲಿಸುವುದು ಬೇಡ, ಅವರಿಗೂ ಅದು ಬೇಕಿರಲಿಲ್ಲ. ಆದರೆ ಕೂಟ ಶುರುವಾಗುವ ಹದಿನೈದು ನಿಮಿಷ ಮುಂಚೆ ಒಲೆ ಆರಬೇಕು, ಅಡುಗೆಮನೆಯ ಬಾಗಿಲು ತೆರೆದಿರಬೇಕು. ಈ ಒಂದು ಕಟ್ಟಳೆ ಇಟ್ಟುಕೊಂಡರೆ ಏನು ಬಡಿಸಬೇಕು ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಕುಚ್ಚಲಕ್ಕಿ ಗಂಜಿಯಾದರೆ ಮೂವತ್ತೈದು ಮಂದಿಗೆ ನಾಲ್ಕು ಕೆ.ಜಿ. ಅಕ್ಕಿ ಸಾಕು, ನಾಲ್ಕೂವರೆಗೆ ಒಲೆಗಿಟ್ಟರೆ ಆರರೊಳಗೆ ಬೆಂದು, ಮುಚ್ಚಿಟ್ಟ ಪಾತ್ರೆಯಲ್ಲಿ ಎಂಟರವರೆಗೂ ಬಿಸಿಯಾಗಿರುತ್ತದೆ. ಜೊತೆಗೆ ಹೆಸರುಕಾಳಿನ ಪಲ್ಯ, ಚಟ್ನಿ, ಉಪ್ಪಿನಕಾಯಿ. ಹಬ್ಬದ ತಿಂಗಳಿಗೆ ಕೋಳಿ ಬೇಕೇಬೇಕೆಂದರೆ ಅಂಗಡಿಯ ಒಣ ರೊಟ್ಟಿ ತಂದು ಕೋರಿರೊಟ್ಟಿ ಮಾಡಬಹುದು. ಗಸಿ ಐದಕ್ಕೇ ಮುಗಿಯುತ್ತದೆ, ಬಡಿಸುವ ಮುಂಚೆ ಒಂದು ಕುದಿ ಬಂದರೆ ಸಾಕು.

ಎರಡನೆಯದು ಕೈಗಳು. ಇಲ್ಲಿ ಎಡವುವವರೇ ಹೆಚ್ಚು. “ಏನಾದ್ರೂ ಮಾಡ್ಬೇಕಾ?” ಎಂದು ಬಾಗಿಲಲ್ಲಿ ನಿಂತು ಕೇಳಿದರೆ ನಮ್ಮ ಕಡೆಯ ಯಾವ ಹೆಂಗಸೂ “ಹೌದು” ಎನ್ನುವುದಿಲ್ಲ, “ಎಂತ ಬೇಡ, ನೀವು ಕೂತ್ಕೊಳ್ಳಿ” ಎನ್ನುತ್ತಾಳೆ. ಹಾಗಾಗಿ ಹಿಂದಿನ ದಿನವೇ ಫೋನು ಮಾಡಿ, ಹೆಸರು, ಗಂಟೆ, ಕೆಲಸ ಮೂರನ್ನೂ ಹೇಳಿಬಿಡಬೇಕು: ನೀವು ಮೂರು ಗಂಟೆಗೆ ಬಂದು ಕಾಯಿ ತುರಿಯಬೇಕು. ನಾಲ್ಕು ಜನ ಸಾಕು, ಅದರಲ್ಲಿ ಇಬ್ಬರು ಗಂಡಸರಾಗಲೇಬೇಕು. ಡಬ್ಬಿಗಳ ಮೇಲೆ ಉಪ್ಪು, ಸಕ್ಕರೆ, ಚಹಾಪುಡಿ ಎಂದು ಬರೆದು ಅಂಟಿಸಿ. ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಸಹಾಯಕ್ಕೆ ಬಂದವರು ಎರಡು ನಿಮಿಷಕ್ಕೊಮ್ಮೆ “ಸಕ್ಕರೆ ಎಲ್ಲಿ?” ಎಂದು ಕೇಳಿದರೆ ಮನೆಯಾಕೆ ಮತ್ತೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತಾಳೆ. ಉಂಡ ತಟ್ಟೆ ಅವರವರೇ ತೊಳೆಯಲಿ. ಅಂಗಳದ ನಲ್ಲಿಯ ಬಳಿ ಒಂದು ಬಕೆಟ್, ಎರಡು ಸ್ಕ್ರಬ್ಬರ್, ಸೋಪು ಇಟ್ಟರೆ ಆಯಿತು.

ಮೂರನೆಯದು, ಪ್ರತಿ ಕೂಟದಲ್ಲಿ ವಚನವನ್ನೋ ಪ್ರಾರ್ಥನೆಯನ್ನೋ ಒಂದನ್ನಾದರೂ ಸುಗುಣಮ್ಮನೇ ನಡೆಸಬೇಕು. ಬಿಡುವು ಕೊಟ್ಟರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಬಿಡುವಾದ ಹೆಂಗಸನ್ನು ಚಾವಡಿಯ ಮೂಲೆಯಲ್ಲಿ ಸುಮ್ಮನೆ ಕೂರಿಸಿದರೆ ಅವಳು ಹತ್ತು ನಿಮಿಷದಲ್ಲಿ ಎದ್ದು ಒಳಗೆ ಹೋಗುತ್ತಾಳೆ, ಯಾಕೆಂದರೆ ಅವಳ ಬೆಲೆ ಇರುವುದು ಒಳಗೆ ಎಂದು ಎಲ್ಲರೂ ಸೇರಿ ಕಲಿಸಿದ್ದೇವೆ.

ಉಳಿದುಕೊಳ್ಳುವ ಅತಿಥಿಗಳಿಗೆ ಎರಡು ದಿನ ಮುಂಚೆ ತಿಳಿಸಬೇಕು, ಎರಡು ರಾತ್ರಿ ಮಾತ್ರ ಎಂದು ಮಿತಿ ಇಟ್ಟೆವು. ಇದು ಒರಟು ಎಂದು ಸುಗುಣಮ್ಮನಿಗೆ ಅನ್ನಿಸಿತು. ಆದರೆ ಆದಿಸಭೆಯ ಕಾಲದ ‘ದಿದಖೆ’ ಎಂಬ ಉಪದೇಶ ಗ್ರಂಥ ಇನ್ನೂ ಖಡಾಖಂಡಿತವಾಗಿದೆ: ಸಂಚಾರಿ ಬೋಧಕನನ್ನು ಕರ್ತನಂತೆಯೇ ಬರಮಾಡಿಕೊಳ್ಳಿ, ಒಂದು ದಿನ ಇರಲಿ, ಅಗತ್ಯವಿದ್ದರೆ ಎರಡು ದಿನ, ಮೂರು ದಿನ ಉಳಿದರೆ ಅವನು ಸುಳ್ಳು ಪ್ರವಾದಿ.

ಸುಗುಣಮ್ಮನ ಒಪ್ಪಿಗೆ ಪಡೆದು ಐದನೆಯ ಭೇಟಿಗೆ ಗಂಡನನ್ನು ಕರೆಸಿದೆ. ಮೊದಲೇ ಕರೆಸಿ ಬುದ್ಧಿ ಹೇಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಬುದ್ಧಿ ಹೇಳಿಸಿಕೊಂಡ ಗಂಡ ಮನೆಗೆ ಹೋಗಿ “ಹೊರಗಿನವರ ಹತ್ರ ಹೇಳುವಷ್ಟು ದೊಡ್ಡವಳಾದೆಯಾ” ಎನ್ನುವುದೇ ಹೆಚ್ಚು. ಅವರ ಮುಂದೆ ಮಾತಿಲ್ಲದೆ ಕ್ಯಾಲೆಂಡರಿನ ಹಾಳೆ ಇಟ್ಟೆ. ಬೆರಳಿಟ್ಟು ಒಂದೊಂದೇ ಸಾಲು ಓದಿ, 10.20ರ ಸಾಲಿನಲ್ಲಿ ನಿಂತರು. “ಅವಳು ನಮ್ಮೊಟ್ಟಿಗೆ ಉಂಡಿದ್ದಾಳೆ ಅಂತ ಎಣಿಸಿದ್ದೆ” ಎಂದರು. ಕೆಟ್ಟ ಮನುಷ್ಯರಲ್ಲ. ಮನೆಬಾಗಿಲಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದೆಂಬ ಅವರ ಕಾಳಜಿ ನಿಜವಾದದ್ದು. ಆದಿಕಾಂಡ 18ರಲ್ಲಿ ಅಬ್ರಹಾಮನೂ ಸಾರಳಿಗೆ ರೊಟ್ಟಿ ಮಾಡೆಂದ. ಆದರೆ ಹಟ್ಟಿಗೆ ಓಡಿ ಕರು ತಂದವನು, ಅತಿಥಿಗಳ ಮುಂದೆ ಬಡಿಸಿ ಅವರು ಉಣ್ಣುವಾಗ ಪಕ್ಕದಲ್ಲಿ ನಿಂತವನು ಅಬ್ರಹಾಮನೇ. ಆ ಭಾಗವನ್ನು ಅವರಿಗೆ ಓದಲು ಕೊಟ್ಟೆ.

ಸೇವೆಗೆ ಲೆಕ್ಕ ಹಾಕುವುದು ಕ್ರೈಸ್ತ ಮನಸ್ಸಲ್ಲ ಎಂಬ ಆಕ್ಷೇಪವೂ ಬಂದಿದೆ, ಗೌರವದಿಂದಲೇ ಉತ್ತರಿಸುತ್ತೇನೆ. ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯದಲ್ಲಿ, ದಿನದ ಹಂಚಿಕೆಯಲ್ಲಿ ವಿಧವೆಯರು ಬಿಟ್ಟುಹೋಗುತ್ತಿದ್ದಾರೆ ಎಂಬ ಗೊಣಗಾಟ ಎದ್ದಾಗ ಅಪೊಸ್ತಲರು (ಯೇಸುವಿನ ಮುಖ್ಯ ಶಿಷ್ಯರು) ಗೊಣಗಿದವರನ್ನು ಗದರಿಸಲಿಲ್ಲ, ಹಂಚಿಕೆಯ ಕೆಲಸಕ್ಕೆ ಏಳು ಮಂದಿ ಗಂಡಸರನ್ನು ನೇಮಿಸಿದರು. ಲೂಕನು ಮಾರ್ಥಳ ಉಪಚಾರಕ್ಕೆ ಬಳಸಿದ ಗ್ರೀಕ್ ಪದ ‘ದಿಯಾಕೊನಿಯ’. ಅದೇ ಮೂಲದ ಪದದಿಂದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯದಲ್ಲಿ ಫೊಯಿಬೆ ಎಂಬಾಕೆಯನ್ನು ಕೆಂಖ್ರೆ ಊರಿನ ಸಭೆಯ ಸೇವಕಿ ಎಂದು ಪರಿಚಯಿಸುತ್ತಾನೆ. ಫಿಲಿಪ್ಪಿಯಲ್ಲಿ ಲುದ್ಯಳು ಪೌಲನಿಗೂ ಜೊತೆಯವರಿಗೂ ಮನೆ ತೆರೆದಳು, ಪ್ರಿಸ್ಕಿಲ್ಲಳ ಮನೆಯಲ್ಲಿ ಸಭೆ ಸೇರುತ್ತಿತ್ತು. ಆ ಪ್ರಿಸ್ಕಿಲ್ಲಳೇ ಗಂಡನೊಂದಿಗೆ ಕೂತು ಬೋಧಕ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ತಿಳಿಸಿಕೊಟ್ಟಳು. ದಕ್ಷಿಣ ಭಾರತ ಸಭೆ (ಸಿ.ಎಸ್.ಐ. ಚರ್ಚ್) 1976ರಲ್ಲೇ ಹೆಣ್ಣಿಗೆ ಗುರುದೀಕ್ಷೆ ಕೊಟ್ಟಿದೆ, 2013ರಲ್ಲಿ ನಂದ್ಯಾಲದಲ್ಲಿ ಬಿಷಪ್ಪರನ್ನಾಗಿಯೂ ಮಾಡಿದೆ. ಪೀಠದಲ್ಲಿ ಆದದ್ದು ನಮ್ಮ ಚಾವಡಿಗಳಿಗೆ ಇನ್ನೂ ಬಂದು ಮುಟ್ಟಿಲ್ಲ.

ಮೊದಲ ತಿಂಗಳು ಅಂದುಕೊಂಡ ಹಾಗೆ ನಡೆಯಲಿಲ್ಲ. ನಾಲ್ವರಲ್ಲಿ ಇಬ್ಬರು ತಡವಾಗಿ ಬಂದರು, ಸುಗುಣಮ್ಮ ಕಾಯದೆ ತಾವೇ ಕಾಯಿ ತುರಿದುಬಿಟ್ಟರು. ತಡವಾದರೂ ಅವರ ಪಾಲಿನ ಕೆಲಸ ಅವರಿಗೇ ಬಿಡಿ, ಚಟ್ನಿ ಇಲ್ಲದಿದ್ದರೆ ಉಪ್ಪಿನಕಾಯಿಯಲ್ಲಿ ಉಣ್ಣಲಿ ಎಂದು ಹೇಳಬೇಕಾಯಿತು. ಎರಡನೆಯ ತಿಂಗಳು ಸುಗುಣಮ್ಮ ಕೂಟದಲ್ಲಿ ಯೋಹಾನ 11ನ್ನು ಓದಿದರು. ಈಗ ಕೂಟ ಮೂರು ಮನೆಗಳಲ್ಲಿ ಸರದಿಯಂತೆ ನಡೆಯುತ್ತಿದೆ. ಸುಗುಣಮ್ಮನ ನಿದ್ದೆ ಸುಧಾರಿಸಿದೆ, ಬೆನ್ನುನೋವಿಗೆ ವೈದ್ಯರ ಚಿಕಿತ್ಸೆ ಮುಂದುವರಿದಿದೆ.

ಬಾಕಿ ಇರುವುದು ಅತ್ತೆಯವರ ವಿಷಯ. ವಯಸ್ಸು ಎಂಬತ್ತು ದಾಟಿದೆ. ಗಂಜಿಯ ಕೂಟದ ದಿನ ಅವರು ಉಣ್ಣದೆ ಮಲಗುತ್ತಾರೆ. ಸೊಸೆಯ ಸೋಮಾರಿತನ ಎಂದು ಒಮ್ಮೆಯೂ ಬಯ್ದಿಲ್ಲ. ಕಳೆದ ತಿಂಗಳು ಕೇಳಿದ್ದು ಒಂದೇ: “ಹಾಗಾದ್ರೆ ನಾನು ಆ ಒಲೆಯ ಮುಂದೆ ಐವತ್ತು ವರ್ಷ ಮಾಡಿದ್ದು ಎಂತ?” ಅದಕ್ಕೆ ಸಮಾಧಾನದ ಉತ್ತರ ಹುಡುಕಬೇಡಿ ಎಂದು ಸುಗುಣಮ್ಮನಿಗೆ ಹೇಳಿದ್ದೇನೆ. ಮಧ್ಯಾಹ್ನ ಅವರ ಮಂಚದ ಬಳಿ ಕೂತು, ಯಾವ ವರ್ಷ ಯಾರು ಬಂದಿದ್ದರು, ಏನು ಬಡಿಸಿದಿರಿ, ಅಕ್ಕಿ ಎಲ್ಲಿಂದ ಹೊಂದಿಸಿದಿರಿ, ಒಂದೊಂದಾಗಿ ಕೇಳಿ ಬರೆದುಕೊಳ್ಳಿ ಎಂದಿದ್ದೇನೆ. ಮೊದಲ ದಿನ ಎರಡು ಪುಟವಾಯಿತಂತೆ.